ಕರುಳಿನ ಸುದ್ದಿ ಮಿದುಳಿಗೆ: ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಮಲಬದ್ಧತೆಯ ಬಗ್ಗೆ ಬರೆಯುವಾಗ, ಕರುಳಿಗೂ ಮನಸ್ಸಿಗೂ ನಂಟಿದೆ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳು ಈಗ ನನ್ನ ಮೇಜಿನ ಮೇಲೆ ಗೇಣುದ್ದ ಎತ್ತರಕ್ಕೆ ಕುಳಿತಿವೆ. ಹುಬ್ಬಳ್ಳಿಯಲ್ಲಿ ಹೊಟ್ಟೆ ಮತ್ತು ಲಿವರ್ ಕಾಯಿಲೆಗಳನ್ನು ನೋಡಲು ಶುರುಮಾಡಿ 26 ವರ್ಷಗಳಾದವು. ಮೊದಲ ಹತ್ತು ವರ್ಷಗಳಲ್ಲಿ ‘ಪ್ರೊಬಯಾಟಿಕ್’ (ಆರೋಗ್ಯಕ್ಕೆಂದು ಸೇವಿಸುವ ಜೀವಂತ ಸೂಕ್ಷ್ಮಾಣುಗಳು) ಎಂಬ ಪದವನ್ನು ರೋಗಿಗಳ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಈಗ ದಿನಕ್ಕೆ ಹತ್ತು ಮಂದಿಯಾದರೂ ಕೇಳುತ್ತಾರೆ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗವಿಲ್ಲ. ಹಲವರ ಮನಸ್ಸಿನಲ್ಲಿರುವ ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ನನ್ನ ಯಜಮಾನರಿಗೆ 58 ವರ್ಷ, ಲಿವರ್ ಸಿರೋಸಿಸ್ ಇದೆ. ಹೋದ ತಿಂಗಳು ಹಗಲೆಲ್ಲ ನಿದ್ದೆ, ರಾತ್ರಿ ಎದ್ದು ಕೂರುವುದು, ಮಗನನ್ನು ತಮ್ಮನ ಹೆಸರಿನಿಂದ ಕರೆಯುವುದು ಶುರುವಾಯಿತು. ಯಾರೋ ಮಾಟ ಮಾಡಿಸಿದ್ದಾರೆ ಎಂದರು ನೆಂಟರು. ಆಸ್ಪತ್ರೆಯಲ್ಲಿ ವೈದ್ಯರು, ‘ನಾಲ್ಕು ದಿನದಿಂದ ಹೊಟ್ಟೆ ಸಾಫ್ ಆಗಿಲ್ಲ, ಅದಕ್ಕೇ ಹೀಗಾಗಿದೆ’ ಎಂದು ಸಿಹಿಯಾದ ಸಿರಪ್ ಕೊಟ್ಟರು. ಎರಡು ದಿನದಲ್ಲಿ ಸರಿಯಾದರು. ಮಲ ಕಟ್ಟಿದರೆ ತಲೆ ಕೆಡುತ್ತದೆಯೇ? ಆ ಸಿರಪ್ ಎಷ್ಟು ದಿನ ಕೊಡಬೇಕು? — ಒಬ್ಬ ಗೃಹಿಣಿ, ಹಾವೇರಿ ಜಿಲ್ಲೆ

ಅಮ್ಮಾ, ನಿಮ್ಮ ಪತ್ರವನ್ನೇ ಮೊದಲು ಎತ್ತಿಕೊಂಡಿದ್ದೇನೆ. ಕರುಳಿನಲ್ಲಿ ನಡೆಯುವುದು ಮಿದುಳಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ವರ್ಷಗಳ ಹಿಂದೆ ಒಣಮೆಣಸಿನಕಾಯಿ ವ್ಯಾಪಾರಿಯೊಬ್ಬರನ್ನು ಅವರ ಮಗ ಕೈಹಿಡಿದು ನನ್ನ ಕೋಣೆಗೆ ಕರೆತಂದರು. ಬಸ್ ನಿಲ್ಲಿಸುವವರ ಹಾಗೆ ಎರಡೂ ಕೈಗಳನ್ನು ಮುಂದೆ ಚಾಚಿ ಅಂಗೈ ಎತ್ತಿ ಹಿಡಿಯಿರಿ ಎಂದೆ. ಹಿಡಿದರು, ಆದರೆ ಮಣಿಕಟ್ಟು ನಿಲ್ಲಲಿಲ್ಲ. ಹಕ್ಕಿ ರೆಕ್ಕೆ ಬಡಿದಂತೆ ಎರಡೆರಡು ಕ್ಷಣಕ್ಕೊಮ್ಮೆ ಕುಸಿಯುತ್ತಿತ್ತು. ಚೀಟಿಯ ಹಿಂಬದಿಯಲ್ಲಿ ಸಹಿ ಮಾಡಲು ಹೇಳಿದೆ. ಮೂವತ್ತು ವರ್ಷ ಚೆಕ್ಕುಗಳಿಗೆ ಸಹಿ ಹಾಕಿದ ಕೈ ಅದು. ಮೊದಲ ಅಕ್ಷರ ಬಂತು, ಎರಡನೆಯದು ಬಂತು, ಆಮೇಲೆ ಗೆರೆ ಕೆಳಗೆ ಜಾರುತ್ತಾ ಹೋಗಿ ಕಾಗದದ ಅಂಚಿಗೆ ಮುಟ್ಟಿತು. ಅವರಿಗೂ ಐದು ದಿನದಿಂದ ಮಲ ಕಟ್ಟಿತ್ತು. ಅದೇ ಸಿಹಿ ಸಿರಪ್ ಕೊಟ್ಟು, ಕೆಳಗಿನಿಂದ ಎನಿಮಾವನ್ನೂ ಕೊಟ್ಟೆವು. ಮೂರನೆಯ ದಿನ ಬೆಳಿಗ್ಗೆ ಅವರೇ ದಿನಪತ್ರಿಕೆ ಕೇಳಿದರು. ಅದೇ ಚೀಟಿಯಲ್ಲಿ, ಜಾರಿದ ಗೆರೆಯ ಕೆಳಗೆ, ಇನ್ನೊಂದು ಸಹಿ ಮಾಡಿಸಿದೆ. ಬ್ಯಾಂಕಿನವರು ಒಪ್ಪುವಂತಹ ಸಹಿ. ಆ ಚೀಟಿಯನ್ನು ಮಗ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು.

ಆಗುವುದು ಇಷ್ಟು. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಪ್ರೋಟೀನಿನ ಉಳಿಕೆಯನ್ನೂ ಯೂರಿಯಾವನ್ನೂ ಒಡೆದು ಅಮೋನಿಯಾ ಮಾಡುತ್ತವೆ. ಇದು ನಮ್ಮೆಲ್ಲರಲ್ಲೂ ದಿನವೂ ನಡೆಯುತ್ತದೆ. ಆರೋಗ್ಯವಂತ ಲಿವರ್ ಆ ಅಮೋನಿಯಾವನ್ನು ಹಿಡಿದು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಸಿರೋಸಿಸ್ ಆದ, ಅಂದರೆ ಕಲೆಗಟ್ಟಿ ಗಡುಸಾದ ಲಿವರಿಗೆ ಆ ಶಕ್ತಿ ಕಡಿಮೆ. ಜೊತೆಗೆ ರಕ್ತವೂ ಅದನ್ನು ಬಳಸಿಕೊಂಡು ಬೇರೆ ದಾರಿಯಲ್ಲಿ ಹರಿಯುತ್ತದೆ. ಹಾಗಾಗಿ ಅಮೋನಿಯಾ ನೇರ ಮಿದುಳಿಗೆ ಹೋಗುತ್ತದೆ. ಹಗಲು-ರಾತ್ರಿ ಅದಲುಬದಲಾಗುವುದು, ಹೆಸರು ಮರೆಯುವುದು, ಕೈ ಬಡಿಯುವುದು, ಕೊನೆಗೆ ಎಚ್ಚರ ತಪ್ಪುವುದು ಎಲ್ಲ ಇದರಿಂದಲೇ. ಇದರಲ್ಲಿ ಮಾಟವಿಲ್ಲ ಎಂದು ನೆಂಟರಿಗೆ ನನ್ನ ಹೆಸರು ಹೇಳಿಯೇ ತಿಳಿಸಿ.

ಆ ಸಿರಪ್ ಲ್ಯಾಕ್ಟುಲೋಸ್. ಅದೊಂದು ಸಕ್ಕರೆ, ಆದರೆ ನಮ್ಮ ಸಣ್ಣ ಕರುಳಿಗೆ ಅದನ್ನು ಅರಗಿಸಲು ಬರುವುದಿಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿಯ ಬ್ಯಾಕ್ಟೀರಿಯಾಗಳು ತಿಂದು ಹುಳಿಯಾಗಿಸುತ್ತವೆ. ಆ ಹುಳಿಯಲ್ಲಿ ಅಮೋನಿಯಾ ರಕ್ತಕ್ಕೆ ದಾಟಲಾಗದ ರೂಪ ತಾಳಿ ಮಲದೊಂದಿಗೆ ಹೊರಗೆ ಹೋಗುತ್ತದೆ. ಅಂದರೆ ಕರುಳಿನ ಸೂಕ್ಷ್ಮಾಣುಗಳ ಕೈಯಲ್ಲೇ ಕೆಲಸ ಮಾಡಿಸಿಕೊಂಡು ಮಿದುಳನ್ನು ತಿಳಿಯಾಗಿಸುತ್ತೇವೆ. ಇದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಔಷಧ.

ಆದ್ದರಿಂದ ‘ಸರಿಯಾದರು’ ಎಂದು ನಿಲ್ಲಿಸಬೇಡಿ. ವೈದ್ಯರು ನಿಲ್ಲಿಸಿ ಎನ್ನುವವರೆಗೆ ದಿನವೂ ಕೊಡಿ. ಅಳತೆ ಚಮಚದಲ್ಲಿ ಇಲ್ಲ, ಮಲದಲ್ಲಿದೆ: ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗೆ ಆಗಬೇಕು. ಐದಾರು ಸಲ ನೀರಾಗಿ ಹೋದರೆ ಅದೂ ಅಪಾಯ. ಮೈಯ ನೀರು ಆರಿ ಮತ್ತೆ ತಲೆ ಮಂಕಾಗುತ್ತದೆ. ಮರುಕಳಿಸುವವರಿಗೆ ರಿಫಾಕ್ಸಿಮಿನ್ ಎಂಬ ಆ್ಯಂಟಿಬಯಾಟಿಕ್ ಜೊತೆಗೆ ಕೊಡುತ್ತೇವೆ. ಅದು ರಕ್ತಕ್ಕೆ ಅಷ್ಟಾಗಿ ಸೇರದೆ ಕರುಳಿನಲ್ಲೇ ಉಳಿದು ಕೆಲಸ ಮಾಡುತ್ತದೆ. 2010ರಲ್ಲಿ 299 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಆರು ತಿಂಗಳ ಅವಧಿಯಲ್ಲಿ ಇಂಥ ಮಂಕು ಮರುಕಳಿಸಿದವರ ಪ್ರಮಾಣ ಈ ಗುಳಿಗೆ ತೆಗೆದುಕೊಂಡವರಲ್ಲಿ ಶೇ 22, ತೆಗೆದುಕೊಳ್ಳದವರಲ್ಲಿ ಶೇ 46 ಇತ್ತು. ಪ್ರೊಬಯಾಟಿಕ್ಕನ್ನೂ ನಮ್ಮ ದೇಶದ ವೈದ್ಯರು ಈ ರೋಗಕ್ಕೆ ಪರೀಕ್ಷಿಸಿದ್ದಾರೆ. ಏನೂ ಕೊಡದಿರುವುದಕ್ಕಿಂತ ಮೇಲು ಎಂದು ಕಂಡಿದೆ. ಲ್ಯಾಕ್ಟುಲೋಸಿನ ಜಾಗವನ್ನು ಮಾತ್ರ ಅದಕ್ಕೆ ಕೊಡಲಾಗದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗೋಡೆಗೆ ಬರೆದಿಟ್ಟುಕೊಳ್ಳಿ. ಬೇಳೆ, ಮೊಸರು, ಕಾಳು ನಿಲ್ಲಿಸಬೇಡಿ. ‘ಲಿವರ್ ರೋಗಿಗೆ ಬರೀ ಗಂಜಿ’ ಎಂಬ ಹಳೆಯ ಪಥ್ಯ ತಪ್ಪು. ತೋಳಿನ ಮಾಂಸಖಂಡ ಕರಗಿದಷ್ಟೂ ಅಮೋನಿಯಾ ಹೆಚ್ಚುತ್ತದೆ, ಏಕೆಂದರೆ ಮಾಂಸಖಂಡವೂ ಅದನ್ನು ಹೀರಿಕೊಳ್ಳುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲವೆಂದು ನಿದ್ದೆಗುಳಿಗೆ ಕೊಡಬೇಡಿ. ವಾಹನ ಓಡಿಸಲು ಬಿಡಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ, ಜ್ವರ ಬಂದರೆ, ಮಾತು ತೊದಲಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ನಾನು ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ವಯಸ್ಸು 25. ಪರೀಕ್ಷೆಯ ದಿನ ಬೆಳಿಗ್ಗೆ ನಾಲ್ಕು ಸಲವಾದರೂ ಶೌಚಕ್ಕೆ ಹೋಗಬೇಕು. ಹೊಟ್ಟೆ ಕಿವುಚುತ್ತದೆ. ಈಗ ಅಣಕು ಪರೀಕ್ಷೆಗೂ ಹೀಗೇ ಆಗುತ್ತಿದೆ. ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ಸರಿಯಿದೆ. ‘ನಿನಗೆ ಏನೂ ಇಲ್ಲ, ಎಲ್ಲ ಮನಸ್ಸಿನ ಭ್ರಮೆ’ ಎಂದು ಒಬ್ಬ ವೈದ್ಯರು ಹೇಳಿ ಕಳಿಸಿದರು. ಗೆಳೆಯರು ಪ್ರೊಬಯಾಟಿಕ್ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. — ಒಬ್ಬ ಅಭ್ಯರ್ಥಿ

ತಮ್ಮಾ, ನಿನ್ನ ಹೊಟ್ಟೆ ಕಿವುಚುವುದು ನಿಜ, ನೋವು ನಿಜ. ‘ಏನೂ ಇಲ್ಲ’ ಎಂಬ ಮಾತು ಕೇಳಿಸಿಕೊಂಡು ನನ್ನ ಮುಂದೆ ಕೂತು ಅತ್ತವರು ಎಷ್ಟೋ ಜನ. ಸ್ಕ್ಯಾನಿನಲ್ಲಿ ಕಾಣುವುದು ಕರುಳಿನ ಆಕಾರ, ಅದರ ನಡವಳಿಕೆಯಲ್ಲ.

ಅನ್ನನಾಳದಿಂದ ಗುದದ್ವಾರದವರೆಗೆ ಕರುಳಿನ ಗೋಡೆಯೊಳಗೆ ಕನಿಷ್ಠ 10 ಕೋಟಿ ನರಕೋಶಗಳ ಬಲೆ ಇದೆ. ಮಿದುಳಿನ ಅಪ್ಪಣೆ ಇಲ್ಲದೆಯೂ ಅದು ಆಹಾರವನ್ನು ಮುಂದಕ್ಕೆ ತಳ್ಳಬಲ್ಲದು. ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು 1899ರಲ್ಲೇ ಇದನ್ನು ತೋರಿಸಿದ್ದರು: ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿದರೂ ಕರುಳು ತನ್ನ ಕೆಲಸ ಬಿಡಲಿಲ್ಲ. ಈ ಬಲೆಯನ್ನೂ ಮಿದುಳನ್ನೂ ಬೆಸೆಯುವುದು ಮುಖ್ಯವಾಗಿ ವೇಗಸ್ ನರ. ಅದರ ಐದು ಎಳೆಗಳಲ್ಲಿ ಸುಮಾರು ನಾಲ್ಕು ಎಳೆಗಳು ಹೊಟ್ಟೆಯ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ. ಕೆಳಕ್ಕೆ ಬರುವ ಆಜ್ಞೆಗಳಿಗಿಂತ ಮೇಲಕ್ಕೆ ಹೋಗುವ ವರದಿಗಳೇ ಹೆಚ್ಚು.

ಕೆಳಗಿನ ದಿಕ್ಕಿನ ಮಾತನ್ನು ಕಣ್ಣಾರೆ ಕಂಡ ಮೊದಲಿಗರಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಒಬ್ಬರು. 1822ರಲ್ಲಿ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಬಂದೂಕಿನ ಗುಂಡು ತಗುಲಿತು. ಬದುಕಿಕೊಂಡ, ಆದರೆ ಹೊಟ್ಟೆಯ ಮೇಲಿನ ತೂತು ಮುಚ್ಚಲೇ ಇಲ್ಲ. ಬ್ಯೂಮಾಂಟ್ ವರ್ಷಗಟ್ಟಲೆ ಆ ತೂತಿನೊಳಗೆ ನೋಡಿದರು. ಆ ಯುವಕ ಸಿಟ್ಟಾದಾಗ ಜಠರದ ಒಳಪೊರೆಯ ಬಣ್ಣ, ರಸ, ಅರಗುವ ವೇಗ ಎಲ್ಲ ಬದಲಾಗುತ್ತಿದ್ದವು. ನಿನ್ನ ಪರೀಕ್ಷೆಯ ಬೆಳಿಗ್ಗೆ ನಡೆಯುವುದೂ ಅದೇ. ತೂತಿಲ್ಲದ ಕಾರಣ ಯಾರಿಗೂ ಕಾಣುತ್ತಿಲ್ಲ, ಅಷ್ಟೆ.

ನಿನ್ನದು ಐಬಿಎಸ್, ಅಂದರೆ ಕೆರಳಿದ ಕರುಳಿನ ತೊಂದರೆ ಇರಬಹುದು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಬಂದರೆ, ನಡುರಾತ್ರಿ ನಿದ್ದೆಯಿಂದೆಬ್ಬಿಸುವಂತೆ ಭೇದಿಯಾದರೆ, ಸಂಜೆ ಜ್ವರ ಬರುತ್ತಿದ್ದರೆ ಈ ಹೆಸರಿಗೆ ತೃಪ್ತಿಪಡಬೇಡ. ನಮ್ಮ ದೇಶದಲ್ಲಿ ಕರುಳಿನ ಕ್ಷಯವನ್ನು ಮರೆಯುವಂತಿಲ್ಲ. ಅವು ಯಾವುವೂ ಇಲ್ಲದಿದ್ದರೆ ಹೀಗೆ ಮಾಡು. ರಾತ್ರಿ ಎರಡರವರೆಗೆ ಓದಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಹಾ ಕುಡಿದು ಪರೀಕ್ಷಾ ಕೇಂದ್ರಕ್ಕೆ ಓಡುವುದು ಬೇಡ. ಎರಡೂವರೆ ಗಂಟೆ ಮೊದಲೇ ಏಳು, ಬಿಸಿಯಾಗಿ ಸ್ವಲ್ಪ ತಿನ್ನು. ಹೊಟ್ಟೆಗೆ ಅನ್ನ ಬಿದ್ದೊಡನೆ ದೊಡ್ಡ ಕರುಳು ಎಚ್ಚರಗೊಳ್ಳುತ್ತದೆ, ಅದಕ್ಕೆ ಮನೆಯಲ್ಲೇ ಸಮಯ ಕೊಡು. ರಾತ್ರಿ ಊಟದ ನಂತರ ಒಂದು ಚಮಚ ಇಸಬ್‌ಗೋಲನ್ನು ಲೋಟ ತುಂಬ ನೀರಿನಲ್ಲಿ ಕುಡಿ. ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ದೀರ್ಘವಾಗಿರುವಂತೆ ಹತ್ತು ನಿಮಿಷ ಅಭ್ಯಾಸ ಮಾಡು, ಪರೀಕ್ಷೆಯ ದಿನ ಮಾತ್ರವಲ್ಲ, ದಿನವೂ.

ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಎಂಬ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದುಕೊಡಬಹುದು. ‘ನನಗೆ ಮನೋರೋಗದ ಮಾತ್ರೆ ಕೊಟ್ಟರು’ ಎಂದು ಹಲವರು ಚೀಟಿಯನ್ನು ಹರಿದು ಹಾಕುತ್ತಾರೆ. ಹಾಗೆ ಮಾಡಬೇಡ. ಆ ಪ್ರಮಾಣದಲ್ಲಿ ಅದು ಕರುಳು-ಮಿದುಳಿನ ನಡುವಿನ ತಂತಿಯ ಸದ್ದನ್ನು ತಗ್ಗಿಸುತ್ತದೆ. 2023ರಲ್ಲಿ ಇಂಗ್ಲೆಂಡಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ನಡೆದ ಪರೀಕ್ಷೆ ಇದರಿಂದ ಗುಣ ಕಾಣುತ್ತದೆ ಎಂಬುದನ್ನು ಚೆನ್ನಾಗಿ ತೋರಿಸಿದೆ.

ಕ್ಯಾಪ್ಸೂಲಿನ ವಿಷಯ. ಕೆಲವರಿಗೆ ಹೊಟ್ಟೆಯುಬ್ಬರ ಕಡಿಮೆಯಾಗುತ್ತದೆ, ಹಲವರಿಗೆ ಏನೂ ಆಗುವುದಿಲ್ಲ. ಗೆಳೆಯರು ತಂದುಕೊಟ್ಟಿದ್ದಾರಲ್ಲ, ನಾಲ್ಕು ವಾರ ಒಂದೇ ಬಗೆಯದನ್ನು ತೆಗೆದುಕೊಂಡು ನೋಡು. ಗುಣ ಕಾಣದಿದ್ದರೆ ನಿಲ್ಲಿಸಿ, ಆ ದುಡ್ಡಿಗೆ ಹಣ್ಣು ತಗೋ.

ಎಂಟು ತಿಂಗಳಿಂದ ಖಿನ್ನತೆಗೆ ಎಸಿಟಲೋಪ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಈಗ ಚೆನ್ನಾಗಿದ್ದೇನೆ. ಮನಸ್ಸಿನ ಸ್ಥಿತಿಗೆ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕದ ಶೇ 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ ಎಂದು ಓದಿದೆ. ಹಾಗಾದರೆ ಮಾತ್ರೆ ಬಿಟ್ಟು ಪ್ರೊಬಯಾಟಿಕ್ ಶುರುಮಾಡಿದರೆ ಸಾಲದೇ? — ಬ್ಯಾಂಕ್ ಉದ್ಯೋಗಿ, 34 ವರ್ಷ, ಉಡುಪಿ

ಸಾಲದು. ಮಾತ್ರೆಯನ್ನು ನೀವಾಗಿ ಬಿಡಬೇಡಿ.

ನೀವು ಓದಿದ್ದು ಸುಳ್ಳಲ್ಲ. ದೇಹದ ಸೆರೊಟೋನಿನ್‌ನ ಬಹುಪಾಲು ಕರುಳಿನ ಒಳಪೊರೆಯ ಕೋಶಗಳಲ್ಲೇ ತಯಾರಾಗುತ್ತದೆ. ಆದರೆ ಅದು ಅಲ್ಲಿ ಕರುಳಿನ ಚಲನೆಗೆ ದುಡಿಯುತ್ತದೆ. ರಕ್ತದಿಂದ ಮಿದುಳಿಗೆ ದಾಟಲು ಅದಕ್ಕೆ ದಾರಿಯಿಲ್ಲ. ಮಿದುಳು ತನಗೆ ಬೇಕಾದ ಸೆರೊಟೋನಿನನ್ನು ತಾನೇ ಮಾಡಿಕೊಳ್ಳುತ್ತದೆ. ಆ ವಾಕ್ಯದ ಅರ್ಧ ಭಾಗವನ್ನು ಹೇಳಿ ಸರಕು ಮಾರುವವರ ಮೇಲೆ ನನಗೆ ನಿಜವಾಗಿ ಕೋಪವಿದೆ.

ಇಲಿಗಳಲ್ಲಿ ಕಂಡದ್ದು ಬೆರಗಿನದೇ. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದವರು 2004ರಲ್ಲಿ, ಸೂಕ್ಷ್ಮಾಣುಗಳೇ ಇಲ್ಲದಂತೆ ಬೆಳೆಸಿದ ಇಲಿಗಳು ಒತ್ತಡಕ್ಕೆ ಅತಿಯಾಗಿ ಬೆದರುತ್ತವೆ ಎಂದು ತೋರಿಸಿದರು. 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ವಿಜ್ಞಾನಿಗಳು ಒಂದು ಬಗೆಯ ಲ್ಯಾಕ್ಟೋಬ್ಯಾಸಿಲಸ್ ಉಣಿಸಿದ ಇಲಿಗಳ ಅಂಜಿಕೆ ಕಡಿಮೆಯಾದುದನ್ನು ಕಂಡರು. ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಆ ಗುಣ ಕಾಣಲಿಲ್ಲ. ಸುದ್ದಿ ಹೋಗುವ ದಾರಿಯೇ ಸಿಕ್ಕಿತು ಎಂದು ನಾನೂ ಅಂದು ಸಂಭ್ರಮಪಟ್ಟಿದ್ದೆ. ಆದರೆ ಅದೇ ಬ್ಯಾಕ್ಟೀರಿಯಾವನ್ನು ಅದೇ ಊರಿನವರು 29 ಆರೋಗ್ಯವಂತ ಗಂಡಸರಿಗೆ ಕೊಟ್ಟು 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಯಾವ ಗುಣವೂ ಇರಲಿಲ್ಲ. ತಮ್ಮದೇ ಶೋಧ ಮನುಷ್ಯರಲ್ಲಿ ನಿಲ್ಲಲಿಲ್ಲ ಎಂದು ಅವರೇ ಬರೆದರಲ್ಲ, ಆ ಪ್ರಾಮಾಣಿಕತೆಗೆ ನನ್ನ ನಮಸ್ಕಾರ.

ಊಟದ ಬಗ್ಗೆ ಮಾತ್ರ ನಿಮಗೆ ಭರವಸೆಯ ಸುದ್ದಿ ಕೊಡಬಲ್ಲೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಖಿನ್ನತೆಯಿರುವ 67 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತರಕಾರಿ, ಕಾಳು, ಇಡಿಧಾನ್ಯ, ಮೀನು, ಆಲಿವ್ ಎಣ್ಣೆಯ ಊಟ ರೂಢಿಸಿದರು. ಇನ್ನೊಂದು ಗುಂಪಿನೊಡನೆ ಅಷ್ಟೇ ಹೊತ್ತು ಕೂತು ಸ್ನೇಹದಿಂದ ಮಾತಾಡಿದರು. 12 ವಾರಗಳ ನಂತರ ಊಟದ ಗುಂಪಿನಲ್ಲಿ ಶೇ 32, ಮಾತಿನ ಗುಂಪಿನಲ್ಲಿ ಶೇ 8 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಪರೀಕ್ಷೆ ಚಿಕ್ಕದು. ಅದರಲ್ಲಿ ಹೆಚ್ಚಿನವರು ತಮ್ಮ ಚಿಕಿತ್ಸೆಯನ್ನು ಮುಂದುವರಿಸಿಕೊಂಡೇ ಊಟ ಬದಲಿಸಿದವರು ಎಂಬುದನ್ನು ಗಮನಿಸಿ.

ನನ್ನ ರೋಗಿಯೊಬ್ಬರು, ಶಾಲಾ ಶಿಕ್ಷಕರು, ನನಗಾಗಲಿ ತಮ್ಮ ಮನೋವೈದ್ಯರಿಗಾಗಲಿ ಹೇಳದೆ ಮಾತ್ರೆ ನಿಲ್ಲಿಸಿ ಪುಡಿಯ ಡಬ್ಬಿಯೊಂದನ್ನು ನಂಬಿದರು. ಮೊದಲ ವಾರ ತಲೆಸುತ್ತು, ಮೈ ಜುಮ್ಮೆನ್ನುವುದು. ಆರನೆಯ ವಾರ ಶಾಲೆಗೆ ಹೋಗುವುದನ್ನೇ ಬಿಟ್ಟರು. ಮತ್ತೆ ಮೊದಲಿನಂತಾಗಲು ಅರ್ಧ ವರ್ಷ ಹಿಡಿಯಿತು. ನೀವು ಚೆನ್ನಾಗಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ಬಿಡುವ ಕಾಲ ಬಂದಾಗ ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ನಡುವೆ ಮನಸ್ಸು ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.

ಬೆಂಗಳೂರಿನಲ್ಲಿರುವ ಮಗ ಸಾವಿರಾರು ರೂಪಾಯಿ ಕೊಟ್ಟು ಮಲಪರೀಕ್ಷೆ ಮಾಡಿಸಿ, ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂಬ ಬಣ್ಣಬಣ್ಣದ ವರದಿ ತಂದಿದ್ದಾನೆ. ನಾವೂ ಮಾಡಿಸಬೇಕೇ? — ನಿವೃತ್ತ ಶಿಕ್ಷಕ, ಚಿತ್ರದುರ್ಗ

ಬೇಡ ಸಾರ್. ಕರುಳಿನ ಬ್ಯಾಕ್ಟೀರಿಯಾಗಳ ‘ಸರಿಯಾದ’ ಪಟ್ಟಿ ಎಂಬುದು ಇನ್ನೂ ಯಾರ ಬಳಿಯೂ ಇಲ್ಲ. ಆ ವರದಿ ನೋಡಿ ನಾನು ಔಷಧ ಬದಲಿಸಿದ್ದು ಇಲ್ಲಿಯವರೆಗೆ ಒಮ್ಮೆಯೂ ಇಲ್ಲ. ನಿಮ್ಮ ವಯಸ್ಸಿನಲ್ಲಿ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುವ ಅಗ್ಗದ ಪರೀಕ್ಷೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ, ಅದರಿಂದ ಪ್ರಯೋಜನವಿದೆ.

ಮೂರು ವರ್ಷದ ಮಗಳಿಗೆ ಕಿವಿ ಸೋರಿದ್ದಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರು. ಎರಡನೆಯ ದಿನದಿಂದ ಭೇದಿ. ಔಷಧದಂಗಡಿಯವರು ಅಲ್ಲಾಡಿಸಿ ಕುಡಿಸುವ ಸಣ್ಣ ಪ್ಲಾಸ್ಟಿಕ್ ಸೀಸೆಗಳನ್ನು ಕೊಟ್ಟಿದ್ದಾರೆ. ಕೊಡಬಹುದೇ? ಮೊಸರು ಕೊಟ್ಟರೆ ಶೀತವಾಗುವುದೇ? — ಒಬ್ಬ ತಾಯಿ, ಬೆಂಗಳೂರು

ತಂಗಿ, ಮೊದಲು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಪ್ರತಿ ಸಲ ಭೇದಿಯಾದ ಮೇಲೂ ಚಮಚ ಚಮಚವಾಗಿ ಕುಡಿಸಿ. ಜೊತೆಗೆ ಸತುವಿನ ಮಾತ್ರೆ, ಅಂದರೆ ಜಿಂಕ್, ದಿನಕ್ಕೆ 20 ಮಿಲಿಗ್ರಾಂ, 14 ದಿನ. ಮಗುವಿನ ಜೀವ ಕಾಯುವುದು ಇವೆರಡು. ಆ್ಯಂಟಿಬಯಾಟಿಕ್ ಬರೆದ ವೈದ್ಯರಿಗೆ ಭೇದಿಯ ಸುದ್ದಿ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಆ ಸೀಸೆಯಲ್ಲಿರುವುದು ಸಾಮಾನ್ಯವಾಗಿ ಬ್ಯಾಸಿಲಸ್ ಕ್ಲಾಸಿ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು. ಆರೋಗ್ಯವಂತ ಮಗುವಿಗೆ ಅದರಿಂದ ಕೆಡುಕು ಆಗುವುದು ತೀರಾ ಅಪರೂಪ. ಆದರೆ ಆ್ಯಂಟಿಬಯಾಟಿಕ್ಕಿನಿಂದ ಆಗುವ ಭೇದಿಗೆ ಹೆಚ್ಚು ಸಾಕ್ಷಿ ಇರುವುದು ಬೇರೆ ಎರಡಕ್ಕೆ: ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಎಂಬ ಬ್ಯಾಕ್ಟೀರಿಯಾ ಮತ್ತು ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್. ಈ ಯೀಸ್ಟಿನ ಕಥೆ ಚೆನ್ನಾಗಿದೆ. 1920ರ ದಶಕದಲ್ಲಿ ಇಂಡೋಚೀನಾದಲ್ಲಿ (ಇಂದಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಕಾಲರಾ ಹಬ್ಬಿದಾಗ, ಅಲ್ಲಿಯ ಜನ ಲಿಚಿ ಮತ್ತು ಮ್ಯಾಂಗೊಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿಯುವುದನ್ನು ಫ್ರೆಂಚ್ ವಿಜ್ಞಾನಿ ಆನ್ರಿ ಬುಲಾರ್ ಗಮನಿಸಿ, ಆ ಸಿಪ್ಪೆಯಿಂದ ಇದನ್ನು ಬೇರ್ಪಡಿಸಿದರು. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲ, ಒಂದು ಬಗೆಯ ಶಿಲೀಂಧ್ರ, ಆದ ಕಾರಣ ಆ್ಯಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ. ಮಕ್ಕಳ ಮೇಲಿನ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ನೋಡಿದಾಗ, ಆ್ಯಂಟಿಬಯಾಟಿಕ್ ಜೊತೆಗೆ ಪ್ರೊಬಯಾಟಿಕ್ ಪಡೆದ ಮಕ್ಕಳಲ್ಲಿ ಶೇ 8, ಪಡೆಯದವರಲ್ಲಿ ಶೇ 19 ಮಂದಿಗೆ ಭೇದಿಯಾಗಿತ್ತು. ಭೇದಿ ನಿಂತ ಮೇಲೆ ತಿಂಗಳುಗಟ್ಟಲೆ ಮುಂದುವರಿಸುವುದು ಬೇಡ. ಆ್ಯಂಟಿಬಯಾಟಿಕ್ ಮುಗಿದ ನಂತರ ಪ್ರೊಬಯಾಟಿಕ್ ನುಂಗಿದವರಲ್ಲಿ ಅವರ ಸ್ವಂತ ಸೂಕ್ಷ್ಮಾಣುಗಳು ಮರಳುವುದು ತಡವಾಯಿತು ಎಂದು ಇಸ್ರೇಲಿನ ವಿಜ್ಞಾನಿಗಳು 2018ರಲ್ಲಿ ತೋರಿಸಿದ್ದಾರೆ.

ನಮ್ಮ ದೇಶದ ಒಂದು ಕೆಲಸವನ್ನು ಇಲ್ಲಿ ಹೇಳದಿರಲಾರೆ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳಿಗೆ ಮೊದಲ ವಾರ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಮತ್ತು ಅದರ ಆಹಾರವಾದ ಒಂದು ಬಗೆಯ ಸಕ್ಕರೆಯನ್ನೋ, ಗುಣವಿಲ್ಲದ ಪುಡಿಯನ್ನೋ ಕೊಟ್ಟರು. ಮೊದಲ ಎರಡು ತಿಂಗಳಲ್ಲಿ ರಕ್ತನಂಜು ಅಥವಾ ಸಾವು ಶೇ 9ರಿಂದ ಶೇ 5.4ಕ್ಕೆ ಇಳಿಯಿತು. 2017ರಲ್ಲಿ ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವು ದಿನ ತುಂಬಿ ಅಥವಾ ಹೆಚ್ಚುಕಡಿಮೆ ದಿನ ತುಂಬಿ ಹುಟ್ಟಿ ತಾಯಿಯ ಹಾಲು ಕುಡಿಯುತ್ತಿದ್ದ ಕೂಸುಗಳು. ತೀರಾ ಮುಂಚಿತವಾಗಿ ಹುಟ್ಟಿದ ಕೂಸಿಗೆ, ರೋಗನಿರೋಧಕ ಶಕ್ತಿ ಕುಂದಿದ ಮಗುವಿಗೆ ವೈದ್ಯರ ಮಾತಿಲ್ಲದೆ ಯಾವ ಪ್ರೊಬಯಾಟಿಕ್ಕನ್ನೂ ಕೊಡಕೂಡದು.

ಮೊಸರಿನಿಂದ ಶೀತವಾಗುವುದಿಲ್ಲ. ಮೆತ್ತಗಿನ ಅನ್ನ ಕಲಸಿ ಕೊಡಿ.

ನನಗೆ 71 ವರ್ಷ. ಮದುವೆಯಾಗಿ ಬಂದಾಗಿನಿಂದ ದಿನವೂ ಹೆಪ್ಪು ಹಾಕುತ್ತಿದ್ದೇನೆ. ಮೊಮ್ಮಗಳು ಅಂಗಡಿಯಿಂದ ಪ್ರೊಬಯಾಟಿಕ್ ಮೊಸರಿನ ಡಬ್ಬಿ ತರುತ್ತಾಳೆ, ‘ನಿನ್ನ ಮೊಸರಿನಲ್ಲಿ ಅದು ಇಲ್ಲ ಅಜ್ಜಿ’ ಎನ್ನುತ್ತಾಳೆ. ನನ್ನ ಮೊಸರಿನಲ್ಲಿ ಏನು ಕೊರತೆ? ಇಡ್ಲಿ ಹಿಟ್ಟು, ಅಂಬಲಿ, ಉಪ್ಪಿನಕಾಯಿಯಲ್ಲೂ ಇಲ್ಲವೇ? ಕೆನಡಾದಲ್ಲಿರುವ ಮಗಳಿಗೆ ಚಳಿಯಲ್ಲಿ ಮೊಸರು ಹೆಪ್ಪುಗಟ್ಟುವುದೇ ಇಲ್ಲವಂತೆ, ಅದಕ್ಕೂ ಒಂದು ದಾರಿ ಹೇಳಿ. — ಗದಗ ಜಿಲ್ಲೆಯಿಂದ ಒಬ್ಬ ಅಜ್ಜಿ

ಅವ್ವಾ, ನಿಮ್ಮ ಮೊಸರಿನಲ್ಲಿ ಕೊರತೆಯಿಲ್ಲ. ಅದಕ್ಕೆ ಆ ಹೆಸರು ಏಕೆ ಸಲ್ಲುವುದಿಲ್ಲ ಎಂದು ಮಾತ್ರ ಹೇಳುತ್ತೇನೆ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಕರೆಸಿದ ತಜ್ಞರು ಒಂದು ವ್ಯಾಖ್ಯೆ ಕೊಟ್ಟರು: ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಂಡಾಗ ಆರೋಗ್ಯಕ್ಕೆ ಗುಣ ಕೊಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೊಬಯಾಟಿಕ್. ಅಂದರೆ ಯಾವ ಸೂಕ್ಷ್ಮಾಣು, ಯಾವ ತಳಿ, ಎಷ್ಟು, ಯಾವ ಗುಣ ಎಂಬುದು ಪರೀಕ್ಷೆಯಾಗಿರಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಹಾಗೆ ಮಾರುವ ಆಹಾರದಲ್ಲಿ ಸಾಮಾನ್ಯವಾಗಿ ದಿನಕ್ಕೆ 10 ಕೋಟಿಯಾದರೂ ಜೀವಂತ ಸೂಕ್ಷ್ಮಾಣುಗಳಿರಬೇಕು. ನಿಮ್ಮ ಗಡಿಗೆಯಲ್ಲಿ ಜೀವಂತ ಬ್ಯಾಕ್ಟೀರಿಯಾಗಳು ಯಥೇಚ್ಛವಾಗಿವೆ. ಅವುಗಳ ಹೆಸರು ಯಾರೂ ಬರೆದಿಟ್ಟಿಲ್ಲ, ಮನೆಯಿಂದ ಮನೆಗೆ ಅವು ಬೇರೆ. ಮೊಮ್ಮಗಳ ಮಾತಿನಲ್ಲಿ ಅಷ್ಟು ಸತ್ಯವಿದೆ. ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ಎಂದು ಓದಲು ಅವಳಿಗೂ ಹೇಳಿ.

ಮೊಸರಿನ ಮೇಲಿನ ಈ ಅಕ್ಕರೆಯನ್ನು ವಿಜ್ಞಾನಕ್ಕೆ ತಂದವರು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುವುದನ್ನು ಕಂಡುಹಿಡಿದು 1908ರಲ್ಲಿ ನೊಬೆಲ್ ಪಡೆದವರು. ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಹುಳಿಹಾಲೇ ಕಾರಣವಿರಬೇಕು ಎಂದು ಅವರು ಊಹಿಸಿದರು. ಆ ಮೊಸರಿನ ಬ್ಯಾಕ್ಟೀರಿಯಾವನ್ನು 1905ರಲ್ಲಿ ಗುರುತಿಸಿದ್ದ ಸ್ಟಾಮೆನ್ ಗ್ರಿಗೊರೊವ್ ಬಲ್ಗೇರಿಯಾದವರೇ. ಅವರು ಕಂಡ ಬ್ಯಾಕ್ಟೀರಿಯಾದ ಬಂಧುಗಳು ನಿಮ್ಮ ಗಡಿಗೆಯಲ್ಲೂ ಇವೆ.

ಇಡ್ಲಿ ಹಿಟ್ಟು ಉಬ್ಬುವುದು ಬ್ಯಾಕ್ಟೀರಿಯಾಗಳಿಂದಲೇ, ಆದರೆ ಹಬೆಯಲ್ಲಿ ಅವು ಸಾಯುತ್ತವೆ. ಹುಳಿಬಂದದ್ದರಿಂದ ಇಡ್ಲಿ ಸುಲಭವಾಗಿ ಅರಗುತ್ತದೆ, ಆ ಲಾಭ ಉಳಿಯುತ್ತದೆ. ಅಂಬಲಿ ಕಾಸಿ ಆರಿಸಿದ ಮೇಲೆ ಮಜ್ಜಿಗೆ ಬೆರೆಸಿದರೆ ಮಜ್ಜಿಗೆಯ ಜೀವ ಅದರಲ್ಲಿರುತ್ತದೆ. ಮಜ್ಜಿಗೆ ಹಾಕಿ ಕುದಿಸಿದರೆ ಇರುವುದಿಲ್ಲ. ಉಪ್ಪಿನಕಾಯಿಯನ್ನು ರುಚಿಗೆ ನಂಜಿಕೊಳ್ಳಿ. ರಕ್ತದೊತ್ತಡವಿದ್ದರೆ ಅದನ್ನೂ ಕಡಿಮೆ ಮಾಡಿ.

2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಹತ್ತು ವಾರ ಮೊಸರು, ಕೆಫಿರ್ ಎಂಬ ಹುಳಿಹಾಲು, ಹುಳಿಬರಿಸಿದ ತರಕಾರಿ ಹೆಚ್ಚಾಗಿ ತಿಂದವರ ಕರುಳಿನ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ 19 ಗುರುತುಗಳು ಇಳಿದವು. ಕ್ಯಾಪ್ಸೂಲ್ ಅಲ್ಲ, ಊಟ. ಆದರೆ ಹೊರಗಿನಿಂದ ಬಂದ ಬ್ಯಾಕ್ಟೀರಿಯಾ ಹೆಚ್ಚಿನ ಪಾಲು ಅತಿಥಿಗಳು, ಕೆಲ ದಿನ ಇದ್ದು ಹೋಗುತ್ತವೆ. ಮನೆಯವರು ಬೇರೆ ಇದ್ದಾರೆ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರ ಒಂದು ಲೆಕ್ಕ, ಎಲ್ಲ ಸೇರಿ ತೂಕ ಪಾವು ಕಿಲೋ ಕೂಡ ಇಲ್ಲ. ಅವಕ್ಕೆ ಬೇಕಾದ ಊಟ ನಾರು. ಅದನ್ನು ತಿಂದು ಅವು ಮಾಡುವ ಬ್ಯುಟಿರೇಟ್ ಎಂಬ ಆಮ್ಲವೇ ದೊಡ್ಡ ಕರುಳಿನ ಒಳಪೊರೆಗೆ ಮುಖ್ಯ ಆಹಾರ. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಲೆ, ಹತ್ತರಕಿ ಸೊಪ್ಪು, ಅಗಸಿ ಹಿಂಡಿ, ಹಸಿ ಸವತೆಕಾಯಿ ಇರುವ ನಿಮ್ಮ ತಾಟಿನಲ್ಲಿ ಅದು ಮೊದಲಿನಿಂದಲೂ ಇದೆ. ಮೊಮ್ಮಗಳ ಊಟದ ಡಬ್ಬಿಯಲ್ಲಿ ಇದೆಯೇ ನೋಡಿ.

ಇನ್ನು ಕೆನಡಾದ ಮಗಳ ಮೊಸರು. ಇಲ್ಲಿಂದ ಹೆಪ್ಪು ಒಯ್ಯುವ ಪ್ರಯತ್ನ ಬೇಡ, ವಿಮಾನ ನಿಲ್ದಾಣದಲ್ಲಿ ಹಾಲಿನ ಪದಾರ್ಥ ತಡೆಯಬಹುದು. ಅಲ್ಲಿಯ ಅಂಗಡಿಯಲ್ಲಿ ಸಕ್ಕರೆ ಹಾಕದ, ‘ಜೀವಂತ ಕಲ್ಚರ್’ ಎಂದು ಬರೆದ ಮೊಸರು ಸಿಗುತ್ತದೆ. ಹಾಲನ್ನು ಕಾಯಿಸಿ, ಕಿರುಬೆರಳು ಅದ್ದಿ ಹತ್ತು ಎಣಿಸುವವರೆಗೆ ತಾಳಿಕೊಳ್ಳಬಲ್ಲಷ್ಟು ಆರಿಸಲಿ, ಅದು ಹೆಚ್ಚುಕಡಿಮೆ 43 ಡಿಗ್ರಿ. ಅರ್ಧ ಲೀಟರಿಗೆ ಒಂದು ಚಮಚ ಆ ಮೊಸರನ್ನು ಕದಡಿ ಹಾಕಲಿ. ನಮ್ಮಲ್ಲಿ ಅಡುಗೆಮನೆಯ ಸೆಕೆಯೇ ಮಾಡುವ ಕೆಲಸವನ್ನು ಅಲ್ಲಿ ಓವನ್ ಮಾಡಬೇಕು. ಉರಿ ಹಚ್ಚದೆ, ಒಳಗಿನ ದೀಪವನ್ನಷ್ಟೇ ಹಾಕಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಒಳಗಿಟ್ಟರೆ ಎಂಟು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ನಡುವೆ ತೆಗೆದು ಅಲ್ಲಾಡಿಸಬಾರದು. ಮೊದಲ ದಿನ ನಿಮ್ಮ ಕೈಯ ರುಚಿ ಬರಲಿಕ್ಕಿಲ್ಲ. ಊಟಕ್ಕೆ ಬಡಿಸುವ ಮೊದಲೇ ಮರುದಿನಕ್ಕೆ ಒಂದು ಚಮಚ ತೆಗೆದಿಡಲು ಅವಳಿಗೆ ಹೇಳಿ.